ಬದುಕಿರುವ ಇಲಿಯೊಳಗೆ ಕಿಣ್ವದ ಕೆಲಸವನ್ನು ಬೆಳಕಾಗಿ ನೋಡುವುದು: ಹಂತ ಹಂತದ ಮಾರ್ಗದರ್ಶಿ

ಮಿಂಚುಹುಳದ ಲ್ಯೂಸಿಫೆರೇಸ್ (ಬೆಳಕು ಹುಟ್ಟಿಸುವ ಕಿಣ್ವ) ಇರುವ ಕೋಶಗಳನ್ನು ಇಲಿಗೆ ಸೇರಿಸಿ, ಲ್ಯೂಸಿಫೆರಿನ್ (ಆ ಕಿಣ್ವ ಬೆಳಕು ಹುಟ್ಟಿಸಲು ಬಳಸುವ ಸಣ್ಣ ಅಣು) ಚುಚ್ಚಿ, ಕತ್ತಲೆ ಪೆಟ್ಟಿಗೆಯಲ್ಲಿ ಫೋಟೊ ತೆಗೆಯುವುದು ಈಗ ಎಷ್ಟೋ ಲ್ಯಾಬುಗಳಲ್ಲಿ ದಿನನಿತ್ಯದ ಕೆಲಸ. ಆದರೆ ಆ ಚಿತ್ರ ಹೇಳುವುದು ಬದುಕಿರುವ ಕೋಶಗಳು ಎಲ್ಲಿವೆ, ಸುಮಾರು ಎಷ್ಟಿವೆ ಅಂತ ಮಾತ್ರ. ಅವುಗಳ ಒಳಗೆ ಕ್ಯಾಸ್ಪೇಸ್ (ಕೋಶ ಸಾಯುವಾಗ ಕೆಲಸ ಮಾಡುವ ಕಿಣ್ವ) ಕೆಲಸ ಶುರು ಮಾಡಿದೆಯಾ, ಕೊಟ್ಟ ಔಷಧಿ ಪ್ರೋಟಿಯಾಸೋಮನ್ನು (ಕೋಶದಲ್ಲಿ ಬೇಡದ ಪ್ರೋಟೀನುಗಳನ್ನು ಒಡೆಯುವ ಯಂತ್ರ) ನಿಲ್ಲಿಸಿದೆಯಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಬೆಳಕನ್ನು ನಿಮಗೆ ಬೇಕಾದ ಕಿಣ್ವಕ್ಕೆ ಕಟ್ಟಿಹಾಕಬೇಕು. ಹೇಗೆ ಅನ್ನುವುದೇ ಈ ಬರಹ. ಕೋಶ ಬೆಳೆಸುವುದು, ಇಲಿ ಹಿಡಿಯುವುದು, ಸೂಜಿ ಚುಚ್ಚುವುದು ಗೊತ್ತಿದ್ದು, ಈ ಕೆಲಸಕ್ಕೆ ಮಾತ್ರ ಹೊಸಬರಾದವರನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ.

ಮೊದಲು ಮೂಲ ವಿಷಯ. ಬೆಳಕು ಹುಟ್ಟಲು ಲ್ಯೂಸಿಫೆರೇಸ್, ಲ್ಯೂಸಿಫೆರಿನ್, ಎಟಿಪಿ (ಕೋಶದ ಇಂಧನ), ಮೆಗ್ನೀಸಿಯಮ್, ಆಮ್ಲಜನಕ ಐದೂ ಒಂದೇ ಜಾಗದಲ್ಲಿ ಸೇರಬೇಕು. ಎಟಿಪಿ ಇಲ್ಲದೆ ಮಿಂಚುಹುಳದ ಬೆಳಕು ಇಲ್ಲ ಅಂತ ವಿಲಿಯಂ ಮೆಕೆಲ್ರಾಯ್ 1947ರಲ್ಲೇ ತೋರಿಸಿದ್ದರು. 1985ರಲ್ಲಿ ಆ ಹುಳದ ಲ್ಯೂಸಿಫೆರೇಸ್ ಜೀನ್ ಕ್ಲೋನ್ ಆಯಿತು. 1995ರಲ್ಲಿ ಹೊಳೆಯುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ಬದುಕಿರುವ ಇಲಿಯ ಹೊರಗಿನಿಂದಲೇ ಕ್ಯಾಮೆರಾದಲ್ಲಿ ನೋಡಿದರು. ಇತಿಹಾಸ ಇಷ್ಟು ಸಾಕು.

ಇಡೀ ಪ್ರಯೋಗದುದ್ದಕ್ಕೂ ಒಂದೇ ಪ್ರಶ್ನೆ ಕೇಳುತ್ತಿರಬೇಕು: ಈಗ ಬೆಳಕನ್ನು ಹಿಡಿದಿಟ್ಟಿರುವುದು ಏನು? ಸಾಲಾಗಿ ಜೋಡಿಸಿದ ಪೈಪುಗಳಲ್ಲಿ ಎಲ್ಲಕ್ಕಿಂತ ಸಣ್ಣದು ಯಾವುದೋ ಅದೇ ನೀರು ಎಷ್ಟು ಬರಬೇಕು ಅಂತ ತೀರ್ಮಾನಿಸುತ್ತದೆ, ಅಲ್ವಾ? ನಿಮ್ಮ ಕಿಣ್ವ ಆ ಸಣ್ಣ ಪೈಪು ಆಗಿರಬೇಕು. ಲ್ಯೂಸಿಫೆರೇಸ್ ಕಡಿಮೆಯಾದರೆ, ರಕ್ತ ಸರಿಯಾಗಿ ತಲುಪದಿದ್ದರೆ, ಎಟಿಪಿ ಖಾಲಿಯಾದರೆ ಆಗಲೂ ಬೆಳಕು ಬದಲಾಗುತ್ತದೆ. ಚಿತ್ರ ನೋಡಲು ಮಾತ್ರ ಹಾಗೇ ಇರುತ್ತದೆ. ಮುಂದೆ ಬರುವ ಹಂತಗಳಲ್ಲಿ ಮುಕ್ಕಾಲು ಪಾಲು ಈ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುವ ಕೆಲಸವೇ.

ಹಂತ 1: ಬೆಳಕನ್ನು ಕಿಣ್ವಕ್ಕೆ ಕಟ್ಟುವ ದಾರಿ ಆರಿಸಿ

ಮೂರು ದಾರಿಗಳಿವೆ. ಹೆಚ್ಚು ಜನ ಹಿಡಿಯುವುದು ಕೇಜ್ಡ್ ಲ್ಯೂಸಿಫೆರಿನ್ ದಾರಿ. ಲ್ಯೂಸಿಫೆರಿನ್ ಅಣುವಿನ 6ನೇ ಜಾಗದಲ್ಲಿರುವ ಹೈಡ್ರಾಕ್ಸಿಲ್ ಗುಂಪಿಗೆ, ಇಲ್ಲವೇ ಅಮಿನೊಲ್ಯೂಸಿಫೆರಿನ್‌ನ ಅಮೈನ್ ಗುಂಪಿಗೆ, ನಿಮ್ಮ ಕಿಣ್ವ ಕತ್ತರಿಸುವ ತುಂಡೊಂದನ್ನು ಜೋಡಿಸಿರುತ್ತಾರೆ. ಆ ತುಂಡು ಇರುವವರೆಗೆ ಲ್ಯೂಸಿಫೆರೇಸ್ ಇದರಿಂದ ಬೆಳಕು ಹುಟ್ಟಿಸಲಾರದು. ಕಿಣ್ವ ಕತ್ತರಿಸಿದ ಮೇಲೆ ಬಿಡುಗಡೆಯಾದ ಅಣು ಲ್ಯೂಸಿಫೆರೇಸಿಗೆ ಸಿಕ್ಕಿ ಬೆಳಕಾಗುತ್ತದೆ. ಕ್ಯಾಸ್ಪೇಸ್ 3 ಮತ್ತು 7ಕ್ಕೆ ಡಿಇವಿಡಿ ಎಂಬ ನಾಲ್ಕು ಅಮೈನೊ ಆಮ್ಲಗಳ ಸರಪಣಿ ಜೋಡಿಸಿದ ಅಮಿನೊಲ್ಯೂಸಿಫೆರಿನ್ ಇದೆ. ಬೀಟಾ ಗ್ಯಾಲಕ್ಟೊಸಿಡೇಸಿಗೆ ಗ್ಯಾಲಕ್ಟೋಸ್ ಜೋಡಿಸಿದ ಲ್ಯೂಸಿಫೆರಿನ್ ಇದೆ. ಇದನ್ನು ಇಲಿಯಲ್ಲಿ ಬಳಸಿದ ವರದಿ 2006ರಲ್ಲಿ ಬಂತು. ಎಫ್‌ಎಎಎಚ್ ಎಂಬ ಕಿಣ್ವಕ್ಕೆ ಲ್ಯೂಸಿಫೆರಿನ್ ಅಮೈಡುಗಳಿವೆ, ಇವುಗಳಿಂದ ಇಲಿಯ ಮಿದುಳಿನ ಒಳಗೂ ಆ ಕಿಣ್ವದ ಕೆಲಸ ನೋಡಬಹುದು. ಈ ದಾರಿಯ ದೊಡ್ಡ ಲಾಭ ಏನಂದರೆ ಕಿಣ್ವವನ್ನು ಮುಟ್ಟುವುದೇ ಬೇಡ, ಇಲಿಯಲ್ಲಿ ತಾನಾಗಿ ಇರುವ ಕಿಣ್ವವನ್ನೇ ಅಳೆಯಬಹುದು. ಜೊತೆಗೆ ಒಂದು ಅಣು ಕಿಣ್ವ ಎಷ್ಟೋ ಅಣು ಲ್ಯೂಸಿಫೆರಿನ್ ಬಿಡುಗಡೆ ಮಾಡುವುದರಿಂದ ಸಿಗ್ನಲ್ ಹಿಗ್ಗುತ್ತದೆ.

ಎರಡನೆಯ ದಾರಿಯಲ್ಲಿ ಲ್ಯೂಸಿಫೆರೇಸನ್ನೇ ಬದಲಿಸುತ್ತಾರೆ. ಅದರ ಜೊತೆ ಯುಬಿಕ್ವಿಟಿನ್ ಜೋಡಿಸಿದರೆ ಪ್ರೋಟಿಯಾಸೋಮ್ ಅದನ್ನು ಒಡೆದು ಹಾಕುತ್ತಲೇ ಇರುತ್ತದೆ, ಹಾಗಾಗಿ ಕೋಶ ಹೆಚ್ಚುಕಡಿಮೆ ಕತ್ತಲಾಗಿರುತ್ತದೆ. ಬೋರ್ಟೆಜೊಮಿಬ್ ಕೊಟ್ಟು ಪ್ರೋಟಿಯಾಸೋಮ್ ನಿಲ್ಲಿಸಿದಾಗ ಬೆಳಕು ಏರುತ್ತದೆ. 2003ರಲ್ಲಿ ಇಲಿಯ ಗಡ್ಡೆಗಳಲ್ಲಿ ಇದನ್ನು ಮಾಡಿ ತೋರಿಸಿದರು. ಇಲ್ಲಿ ಲೆಕ್ಕ ತಲೆಕೆಳಗು, ಬೆಳಕು ಜಾಸ್ತಿ ಆದರೆ ಕಿಣ್ವದ ಕೆಲಸ ಕಡಿಮೆ ಆಗಿದೆ ಅಂತ ಅರ್ಥ. ಹಿಫ್ ಪ್ರೋಟೀನಿನ ಒಂದು ಭಾಗವನ್ನು ಲ್ಯೂಸಿಫೆರೇಸಿಗೆ ಹೊಂದಿಸಿ ಪ್ರೋಲಿಲ್ ಹೈಡ್ರಾಕ್ಸಿಲೇಸ್ (ಹಿಫ್ ಅನ್ನು ಒಡೆಯಲು ಗುರುತು ಹಾಕುವ ಕಿಣ್ವ) ಕೆಲಸ ನೋಡುವ ಇಲಿ ತಳಿಯೂ ಇದೇ ತತ್ವದ್ದು. ಲ್ಯೂಸಿಫೆರೇಸನ್ನು ಎರಡು ತುಂಡು ಮಾಡಿ, ಕಿಣ್ವ ಕೆಲಸ ಮಾಡಿದಾಗ ಮಾತ್ರ ತುಂಡುಗಳು ಕೂಡುವಂತೆ ಇಲ್ಲವೇ ಬಿಡಿಸಿಕೊಳ್ಳುವಂತೆ ಕಟ್ಟುವುದೂ ಉಂಟು. ಕೈನೇಸುಗಳಂಥ ಕಿಣ್ವಗಳಿಗೆ ಇದೇ ಒಳ್ಳೆಯದು. ಯಾಕಂದರೆ ಕೈನೇಸ್ ಏನನ್ನೂ ಕತ್ತರಿಸುವುದಿಲ್ಲ, ಫಾಸ್ಫೇಟ್ ಸೇರಿಸುತ್ತದೆ ಅಷ್ಟೇ, ಹಾಗಾಗಿ ಕೇಜ್ಡ್ ಲ್ಯೂಸಿಫೆರಿನ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೂರನೆಯದಕ್ಕೆ ಲ್ಯೂಸಿಫೆರೇಸೇ ಬೇಡ. ಉರಿಯೂತ ಇರುವ ಜಾಗದಲ್ಲಿ ಮೈಲೊಪೆರಾಕ್ಸಿಡೇಸ್ (ಬಿಳಿ ರಕ್ತಕಣಗಳ ಒಂದು ಕಿಣ್ವ) ಇದ್ದರೆ, ಲ್ಯೂಮಿನಾಲ್ ಚುಚ್ಚಿದಾಗ ಅದೇ ಹೊಳೆಯುತ್ತದೆ. ಯಾವ ಸಾಧಾರಣ ಇಲಿಯಲ್ಲಾದರೂ ಮಾಡಬಹುದು. ಬೆಳಕು ನೀಲಿ, ಸುಮಾರು 425 ನ್ಯಾನೊಮೀಟರ್. ಅದು ಮಾಂಸ ದಾಟುವುದಿಲ್ಲ, ಆದ್ದರಿಂದ ಚರ್ಮದ ಹತ್ತಿರದ ಉರಿಯೂತಕ್ಕೆ ಮಾತ್ರ ಇಟ್ಟುಕೊಳ್ಳಿ.

ಯಾವುದು ಬೇಕು ಅಂತ ತಲೆ ಕೆಡಿಸಿಕೊಂಡಿದ್ದರೆ ನನ್ನ ಅಭಿಪ್ರಾಯ ಇದು. ಕಿಣ್ವ ಏನನ್ನಾದರೂ ಕತ್ತರಿಸುತ್ತದೆ ಅಂದರೆ ಕೇಜ್ಡ್ ಲ್ಯೂಸಿಫೆರಿನ್‌ನಿಂದಲೇ ಶುರು ಮಾಡಿ. ಹೊಸ ಫ್ಯೂಶನ್ ಪ್ರೋಟೀನ್ ಕಟ್ಟಿ ಅದನ್ನು ನಂಬುವಂತೆ ಮಾಡಲು ತುಂಬಾ ಕಾಲ ಹಿಡಿಯುತ್ತದೆ.

ಹಂತ 2: ಲ್ಯೂಸಿಫೆರೇಸ್ ಯಾವುದು, ಎಲ್ಲಿ ಇರಬೇಕು

ಇಲಿಯ ಒಳಗಿನಿಂದ ಹೊರಗೆ ಬರುವ ಬೆಳಕಿಗೆ ದೊಡ್ಡ ಅಡ್ಡಿ ರಕ್ತದ ಹಿಮೊಗ್ಲೋಬಿನ್. ಅದು 600 ನ್ಯಾನೊಮೀಟರಿಗಿಂತ ಕೆಳಗಿನ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಮಿಂಚುಹುಳದ ಲ್ಯೂಸಿಫೆರೇಸ್ ಕೊಠಡಿ ಉಷ್ಣತೆಯಲ್ಲಿ ಹಳದಿ ಹಸಿರು ಬಣ್ಣದಲ್ಲಿ ಹೊಳೆದರೂ 37 ಡಿಗ್ರಿಯಲ್ಲಿ ಅದರ ಬೆಳಕಿನ ತುದಿ ಸುಮಾರು 610ಕ್ಕೆ ಜರುಗುತ್ತದೆ. ಈ ಕೆಂಪಿನ ಭಾಗವೇ ನಮಗೆ ಹೊರಗೆ ಕಾಣುವುದು. ರೆನಿಲ್ಲಾ ಲ್ಯೂಸಿಫೆರೇಸ್ 480ರ ಆಸುಪಾಸು, ನ್ಯಾನೊಲಕ್ 460, ಎರಡೂ ನೀಲಿ. ನ್ಯಾನೊಲಕ್ ಬರೀ 19 ಕಿಲೊಡಾಲ್ಟನ್ ಗಾತ್ರದ್ದು, ತುಂಬಾ ಪ್ರಖರ, ಎಟಿಪಿಯೂ ಬೇಡ. ಹಾಗಾಗಿ ಕೋಶದ ಹೊರಗಿನ ಕೆಲಸಕ್ಕೆ, ಚರ್ಮದ ಹತ್ತಿರದ ಗಡ್ಡೆಗೆ ಚೆನ್ನಾಗಿದೆ. ಇನ್ನೂ ಆಳಕ್ಕೆ ಹೋಗಬೇಕಾದರೆ 2018ರಲ್ಲಿ ಪ್ರಕಟವಾದ ಅಕಾಲಕ್ ಇದೆ, ಅದರ ಬೆಳಕು 650ರ ಹತ್ತಿರ. ಆದರೆ ಕೇಜ್ಡ್ ರೂಪಗಳು ಸುಲಭವಾಗಿ ಸಿಗುವುದು ಮಿಂಚುಹುಳದ ಲ್ಯೂಸಿಫೆರಿನ್‌ಗೇ. ಆದ್ದರಿಂದ ಮುಂದಿನ ಮಾತೆಲ್ಲ ಅದರ ಮೇಲೆ.

ಲ್ಯೂಸಿಫೆರೇಸ್ ಎಲ್ಲಿ ಇರಬೇಕು ಅನ್ನುವುದರ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಕಿಣ್ವ ಬಿಡುಗಡೆ ಮಾಡಿದ ಲ್ಯೂಸಿಫೆರಿನ್ ಸಣ್ಣ ಅಣು, ಹುಟ್ಟಿದ ಕೋಶದಲ್ಲೇ ಕೂರುವುದಿಲ್ಲ. ಹೊರಗೆ ಸೋರಿ ಪಕ್ಕದ ಕೋಶಕ್ಕೆ, ರಕ್ತಕ್ಕೆ ಹೋಗುತ್ತದೆ. ಇಲಿಯ ಎಲ್ಲ ಕೋಶದಲ್ಲೂ ಲ್ಯೂಸಿಫೆರೇಸ್ ಇದ್ದರೆ, ಪಿತ್ತಜನಕಾಂಗದಲ್ಲಿ ಕತ್ತರಿಸಿದ್ದು ಕಾಲಲ್ಲಿ ಹೊಳೆಯಬಹುದು. ಗಡ್ಡೆಯ ಕೋಶದಲ್ಲಿ ಮಾತ್ರ ಲ್ಯೂಸಿಫೆರೇಸ್ ಇದ್ದರೂ, ಬೇರೆಲ್ಲೋ ಕತ್ತರಿಸಿದ ಲ್ಯೂಸಿಫೆರಿನ್ ರಕ್ತದ ಮೂಲಕ ಗಡ್ಡೆಗೆ ಬಂದು ಅಲ್ಲಿ ಹೊಳೆಯಬಹುದು. ಚಿತ್ರದಲ್ಲಿ ಕಾಣುವ ಜಾಗ ಲ್ಯೂಸಿಫೆರೇಸಿನ ಜಾಗ, ಕಿಣ್ವದ ಜಾಗ ಆಗಿರಲೇಬೇಕು ಅಂತಿಲ್ಲ. ಎಷ್ಟೋ ಪ್ರಬಂಧಗಳಲ್ಲಿ ಇದನ್ನು ಸುಮ್ನೆ ದಾಟಿಕೊಂಡು ಹೋಗುತ್ತಾರೆ. ಇದನ್ನು ಪತ್ತೆಹಚ್ಚುವ ದಾರಿ ಒಂದೇ: ಲ್ಯೂಸಿಫೆರೇಸ್ ಇದ್ದು ಆ ಕಿಣ್ವ ಇಲ್ಲದ ಕೋಶಗಳನ್ನು ಅದೇ ಇಲಿಯ ಇನ್ನೊಂದು ಪಕ್ಕೆಯಲ್ಲಿ ಬೆಳೆಸಿ ನೋಡಿ. ಅದೂ ಹೊಳೆದರೆ ಲ್ಯೂಸಿಫೆರಿನ್ ಬೇರೆ ಕಡೆಯಿಂದ ಬರುತ್ತಿದೆ.

ಕೋಶಗಳಿಗೆ ಜೀನ್ ಸೇರಿಸಲು ಲೆಂಟಿವೈರಸ್ ಸಾಕು. ಸಸ್ತನಿ ಕೋಶಗಳಿಗೆ ಹೊಂದುವಂತೆ ತಿದ್ದಿದ ಲಕ್2 ರೂಪ ಬಳಸಿ, ಬೆಳಕು ಜಾಸ್ತಿ. ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಮಾತ್ರ ನಿಮ್ಮ ಔಷಧಿಗೆ ಏರಿಳಿಯದಂಥದ್ದು ಆಗಿರಲಿ, ಇಲ್ಲದಿದ್ದರೆ ಕಿಣ್ವದ ಬದಲು ಪ್ರಮೋಟರನ್ನೇ ಅಳೆಯುತ್ತಾ ಕೂರುತ್ತೀರಿ.

ಹಂತ 3: ಇಲಿಯ ಹತ್ತಿರ ಹೋಗುವ ಮೊದಲು ಟ್ಯೂಬಿನಲ್ಲಿ ನೋಡಿ

ಈ ಹಂತ ಬೇಸರದ್ದು, ಆದರೆ ಮುಂದೆ ತಿಂಗಳುಗಟ್ಟಲೆ ಕೆಲಸ ಉಳಿಸುವುದೂ ಇದೇ.

ಮೊದಲು ಪದಾರ್ಥದ ಶುದ್ಧತೆ. ಕೇಜ್ಡ್ ಲ್ಯೂಸಿಫೆರಿನ್ ಪುಡಿಯಲ್ಲಿ ನೂರಕ್ಕೆ ಒಂದು ಪಾಲು ಬಿಡಿ ಲ್ಯೂಸಿಫೆರಿನ್ ಕಲಬೆರಕೆ ಇದ್ದರೂ ಸಾಕು, ಇಲಿಯಲ್ಲಿ ಕಾಣುವ ಬೆಳಕಿನಲ್ಲಿ ಗಣನೀಯ ಭಾಗ ಅದರದ್ದೇ ಆಗಬಹುದು, ಅದರಲ್ಲೂ ನಿಮ್ಮ ಕಿಣ್ವ ನಿಧಾನದ್ದಾಗಿದ್ದರೆ. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಓಡಿಸಿ ನೋಡಿ. ಹೊಸ ಬ್ಯಾಚ್ ಬಂದಾಗ ಮತ್ತೆ ನೋಡಿ. ಕರಗಿಸಿ ಫ್ರಿಜ್ಜಿನಲ್ಲಿಟ್ಟ ದ್ರಾವಣ ತಾನಾಗಿ ಒಡೆಯುತ್ತದೆಯಾ ಅಂತಲೂ ನೋಡಿಕೊಳ್ಳಿ.

ಆಮೇಲೆ 96 ವೆಲ್ ಪ್ಲೇಟಿನಲ್ಲಿ ಶುದ್ಧ ಲ್ಯೂಸಿಫೆರೇಸ್, ಎಟಿಪಿ, ಮೆಗ್ನೀಸಿಯಮ್ ಹಾಕಿ ಕೇಜ್ಡ್ ಲ್ಯೂಸಿಫೆರಿನ್ ಸೇರಿಸಿ. ಕತ್ತಲಾಗಿರಬೇಕು. ಶುದ್ಧ ಕಿಣ್ವ ಸೇರಿಸಿ, ಬೆಳಕು ಏರಬೇಕು. ಕಿಣ್ವವನ್ನು ತಡೆಯುವ ಔಷಧಿ ಸೇರಿಸಿ, ಇಳಿಯಬೇಕು. ಇದೇ ಬಂಧುಬಳಗದ ಬೇರೆ ಕಿಣ್ವಗಳನ್ನೂ ಹಾಕಿ ನೋಡಿ, ಯಾಕಂದರೆ ಡಿಇವಿಡಿಯನ್ನು ಕ್ಯಾಸ್ಪೇಸ್ 3 ಮಾತ್ರ ಕತ್ತರಿಸುತ್ತದೆ ಅನ್ನುವ ಭ್ರಮೆ ಬೇಡ. ಇಲಿಯ ಸೀರಮ್‌ನಲ್ಲಿ, ಅರೆದ ಪಿತ್ತಜನಕಾಂಗದಲ್ಲಿ ಒಂದೆರಡು ಗಂಟೆ ಇಟ್ಟು ಎಷ್ಟು ಒಡೆಯಿತು ಅಂತ ಅಳೆಯಿರಿ. ಎಸ್ಟರ್ ಕಟ್ಟಿನಿಂದ ಜೋಡಿಸಿದ ತುಂಡುಗಳು ಈ ಪರೀಕ್ಷೆಯಲ್ಲಿ ಸೋಲುವುದು ಸಾಮಾನ್ಯ, ದೇಹದ ತುಂಬಾ ಎಸ್ಟರೇಸುಗಳೇ ಇವೆ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಬಿಡಲೇಬೇಡಿ. ನೀವು ಇಲಿಗೆ ಕೊಡುವ ಔಷಧಿ ನೇರವಾಗಿ ಲ್ಯೂಸಿಫೆರೇಸನ್ನೇ ಹಿಡಿದುಕೊಳ್ಳುತ್ತದೆಯಾ? ಸಣ್ಣ ಅಣುಗಳಲ್ಲಿ ಇಂಥವು ಬೇಕಾದಷ್ಟಿವೆ. ಪಿಟಿಸಿ124 ಎಂಬ ಔಷಧಿಯ ಕಥೆ ಪ್ರಸಿದ್ಧ. ಅದು ಮಿಂಚುಹುಳದ ಲ್ಯೂಸಿಫೆರೇಸಿಗೆ ಅಂಟಿಕೊಂಡು ಅದು ಬೇಗ ಒಡೆಯದಂತೆ ಕಾಪಾಡುತ್ತದೆ, ಹಾಗಾಗಿ ಔಷಧಿ ಕೆಲಸ ಮಾಡಿದ್ದರಿಂದಲೇ ಬೆಳಕು ಏರಿತು ಅಂತ ಕಾಣಬಹುದು ಎಂದು 2009ರಲ್ಲಿ ಸಂಶೋಧಕರು ತೋರಿಸಿದರು. ಸಾದಾ ಲ್ಯೂಸಿಫೆರಿನ್ ಜೊತೆ ಔಷಧಿ ಸೇರಿಸಿ ಬೆಳಕು ಬದಲಾಗುವುದಿಲ್ಲ ಅಂತ ಖಚಿತ ಮಾಡಿಕೊಂಡ ಮೇಲೆಯೇ ಮುಂದೆ ಹೋಗಿ.

ಕೊನೆಗೆ ಕೋಶಗಳಲ್ಲಿ ಇದೇ ಆಟ. ಕಿಣ್ವದ ಜೀನ್ ತೆಗೆದ ಕೋಶಗಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಕಂಟ್ರೋಲ್ ಇಲ್ಲ. ಕೇಜ್ಡ್ ಅಣು ಕೋಶದೊಳಗೆ ಹೋಗುತ್ತದೆಯಾ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಡಿಇವಿಡಿಯಂಥ ಸರಪಣಿಗಳಲ್ಲಿ ಋಣ ಚಾರ್ಜ್ ಜಾಸ್ತಿ, ಕೋಶದ ಪೊರೆಯನ್ನು ಸುಲಭವಾಗಿ ದಾಟುವುದಿಲ್ಲ.

ಹಂತ 4: ಗುಂಪುಗಳನ್ನು ಹೀಗೆ ಮಾಡಿಕೊಳ್ಳಿ

ಪ್ರಾಣಿ ನೀತಿ ಸಮಿತಿಯ ಅನುಮತಿ ಮೊದಲು, ಇಲಿ ತರಿಸುವುದು ಆಮೇಲೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಪ್ರಾಣಿಗಳ ಬದಲಿ, ಇಳಿಕೆ, ನೋವು ತಗ್ಗಿಸುವಿಕೆ ಎಂಬ ಮೂರು ಸೂತ್ರಗಳಲ್ಲಿ ಎರಡನೆಯದಕ್ಕೆ ಈ ವಿಧಾನ ನಿಜಕ್ಕೂ ಸಹಾಯ ಮಾಡುತ್ತದೆ. ಪ್ರತಿ ಸಮಯಕ್ಕೂ ಒಂದೊಂದು ಗುಂಪು ಇಲಿಗಳನ್ನು ಕೊಲ್ಲುವ ಬದಲು ಅದೇ ಇಲಿಯನ್ನು ಮತ್ತೆ ಮತ್ತೆ ನೋಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಕಂಟ್ರೋಲ್ ಸಾದಾ ಡಿ-ಲ್ಯೂಸಿಫೆರಿನ್. ಅದೇ ಇಲಿಗೆ ಒಂದು ದಿನ ಸಾದಾ ಲ್ಯೂಸಿಫೆರಿನ್, ಇನ್ನೊಂದು ದಿನ ಕೇಜ್ಡ್ ಲ್ಯೂಸಿಫೆರಿನ್ ಕೊಡಿ. ಸಾದಾ ಲ್ಯೂಸಿಫೆರಿನ್ ಬೆಳಕು ಎಷ್ಟು ಕೋಶ ಬದುಕಿವೆ, ಲ್ಯೂಸಿಫೆರೇಸ್ ಎಷ್ಟಿದೆ, ರಕ್ತ ಹೇಗೆ ತಲುಪುತ್ತಿದೆ ಅನ್ನುವುದನ್ನೆಲ್ಲ ಒಟ್ಟಾಗಿ ಹೇಳುತ್ತದೆ. ಕೇಜ್ಡ್ ಬೆಳಕನ್ನು ಅದರಿಂದ ಭಾಗಿಸಿದರೆ ಉಳಿಯುವುದು ಹೆಚ್ಚುಕಡಿಮೆ ಕಿಣ್ವದ ಪಾಲು. ನಡುವೆ ಒಂದು ದಿನ ಬಿಡಿ, ಮೊದಲ ಸಲದ ಬೆಳಕು ಪೂರ್ತಿ ಹೋಗಿದೆ ಅಂತ ಎರಡನೆಯ ಚುಚ್ಚುಮದ್ದಿಗೆ ಮುಂಚೆ ಒಂದು ಚಿತ್ರ ತೆಗೆದು ನೋಡಿಕೊಳ್ಳಿ. ಆದರೆ ಕಿಣ್ವದ ಕೆಲಸ ಗಂಟೆಗಂಟೆಗೆ ಬದಲಾಗುವಂಥದ್ದಾದರೆ ಒಂದು ದಿನದ ಅಂತರ ತೊಂದರೆಯೇ. ಆಗ ಎರಡು ಸಮಾನ ಗುಂಪು ಮಾಡಿಕೊಂಡು ಒಂದಕ್ಕೆ ಸಾದಾ, ಇನ್ನೊಂದಕ್ಕೆ ಕೇಜ್ಡ್ ಕೊಡುವುದು ವಾಸಿ.

ಇದರ ಜೊತೆ ಕಿಣ್ವ ತಡೆಯುವ ಔಷಧಿ ಕೊಟ್ಟ ಗುಂಪು ಬೇಕು, ಬರೀ ದ್ರಾವಕ ಕೊಟ್ಟ ಗುಂಪು ಬೇಕು, ಲ್ಯೂಸಿಫೆರೇಸೇ ಇಲ್ಲದ ಒಂದೆರಡು ಇಲಿಗಳೂ ಬೇಕು. ಕಿಣ್ವ ಇಲ್ಲದ ತಳಿ ಸಿಕ್ಕರೆ ಅದನ್ನೂ ಸೇರಿಸಿ. ಗುಂಪಿಗೆ ಎಷ್ಟು ಇಲಿ ಅನ್ನುವುದನ್ನು ಅಂದಾಜಿನಲ್ಲಿ ಹಾಕಬೇಡಿ, ಸಣ್ಣ ಪೈಲಟ್ ಮಾಡಿ ಏರಿಳಿತ ನೋಡಿ ಲೆಕ್ಕ ಹಾಕಿ. ಯಾವ ಇಲಿ ಯಾವ ಗುಂಪು ಅಂತ ಚೀಟಿ ಎತ್ತಿ ಹಂಚಿ, ಚಿತ್ರ ಅಳೆಯುವವರಿಗೆ ಅದು ಗೊತ್ತಿರಬಾರದು.

ತಳಿಯ ಬಗ್ಗೆ ಒಂದು ಮಾತು. ಬಿಳಿ ಇಲಿ ಅಥವಾ ಕೂದಲಿಲ್ಲದ ನ್ಯೂಡ್ ಇಲಿ ಸುಲಭ. ಕಪ್ಪು ಸಿ57 ಇಲಿಯೇ ಬೇಕಾದರೆ ಅದರ ಬಿಳಿ ರೂಪಾಂತರ ಸಿಗುತ್ತದೆ, ಅದನ್ನೇ ನೋಡಿ. ಕಪ್ಪು ಇಲಿಯ ಕೂದಲು ತೆಗೆದರೂ, ಕೂದಲು ಮತ್ತೆ ಬೆಳೆಯುವಾಗ ಚರ್ಮದಲ್ಲೇ ಕಪ್ಪು ತೇಪೆಗಳು ಬರುತ್ತವೆ, ಅಲ್ಲಿ ಬೆಳಕು ತಗ್ಗುತ್ತದೆ. ಫ್ಲೋರೊಸೆನ್ಸ್ ಚಿತ್ರಣಕ್ಕೆ ಕ್ಲೋರೊಫಿಲ್ ಇಲ್ಲದ ವಿಶೇಷ ಆಹಾರ ಕೊಡುತ್ತಾರಲ್ಲ, ಅದು ಇಲ್ಲಿ ಬೇಡ. ನಾವು ಹೊರಗಿನಿಂದ ಬೆಳಕು ಹಾಯಿಸುತ್ತಲೇ ಇಲ್ಲ.

ಹಂತ 5: ದ್ರಾವಣ ಮತ್ತು ಡೋಸ್

ಸಾದಾ ಡಿ-ಲ್ಯೂಸಿಫೆರಿನ್ ಪೊಟ್ಯಾಸಿಯಮ್ ಲವಣವನ್ನು ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ ಇಲ್ಲದ ಡಿಪಿಬಿಎಸ್‌ನಲ್ಲಿ (ಕೋಶಗಳಿಗೆ ಬಳಸುವ ಉಪ್ಪಿನ ಬಫರ್) ಮಿಲಿಲೀಟರಿಗೆ 15 ಮಿಲಿಗ್ರಾಂ ಕರಗಿಸಿ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಬೆಳಕು ಬೀಳದಂತೆ ಸಣ್ಣ ಟ್ಯೂಬುಗಳಲ್ಲಿ ಹಂಚಿ ಮೈನಸ್ 20 ಡಿಗ್ರಿಯಲ್ಲಿಡಿ. ಒಂದು ಸಲ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಇಲಿಯ ತೂಕದ ಪ್ರತಿ ಗ್ರಾಂಗೆ 10 ಮೈಕ್ರೊಲೀಟರ್ ಕೊಟ್ಟರೆ ಕಿಲೊಗೆ 150 ಮಿಲಿಗ್ರಾಂ ಡೋಸ್ ಆಗುತ್ತದೆ. 23 ಗ್ರಾಂ ಇಲಿಗೆ 230 ಮೈಕ್ರೊಲೀಟರ್. ಆ ದಿನವೇ ತೂಕ ನೋಡಿ, ಹೋದ ವಾರದ ತೂಕ ಬಳಸಬೇಡಿ.

ಈ ಡೋಸಿನಲ್ಲೂ ಕೋಶದೊಳಗಿನ ಲ್ಯೂಸಿಫೆರೇಸಿಗೆ ಹೊಟ್ಟೆ ತುಂಬುವಷ್ಟು ಲ್ಯೂಸಿಫೆರಿನ್ ಸಿಗುವುದಿಲ್ಲ. ಅಂದರೆ ಡೋಸ್ ಹತ್ತು ಪರ್ಸೆಂಟ್ ಹೆಚ್ಚುಕಡಿಮೆ ಆದರೆ ಬೆಳಕೂ ಆಚೀಚೆ ಆಗುತ್ತದೆ. ಸಿರಿಂಜಿನಲ್ಲಿ ಗಾಳಿಗುಳ್ಳೆ ಬಿಡುವುದೆಲ್ಲ ಇಲ್ಲಿ ಚಿಕ್ಕ ವಿಷಯ ಅಲ್ಲ.

ಕೇಜ್ಡ್ ಲ್ಯೂಸಿಫೆರಿನ್ ಡೋಸನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೋಲಿಸಬೇಡಿ, ಮೋಲ್ ಲೆಕ್ಕದಲ್ಲಿ ಹೋಲಿಸಿ. ಪೊಟ್ಯಾಸಿಯಮ್ ಲವಣದ ಅಣುತೂಕ 318.4, ಹಾಗಾಗಿ 150 ಮಿಲಿಗ್ರಾಂ ಅಂದರೆ ಸುಮಾರು 0.47 ಮಿಲಿಮೋಲ್. ಸರಪಣಿ ಜೋಡಿಸಿದ ಅಣು ತುಂಬಾ ಭಾರ, ಅದೇ ಮಿಲಿಗ್ರಾಂ ಕೊಟ್ಟರೆ ಅಣುಗಳ ಸಂಖ್ಯೆ ಎಷ್ಟೋ ಕಡಿಮೆ. ಅಷ್ಟು ಜಾಸ್ತಿ ಕರಗುವುದೂ ಇಲ್ಲ, ಬೆಲೆಯೂ ಬಿಡುವುದಿಲ್ಲ, ಆದ್ದರಿಂದ ಹೆಚ್ಚಿನವರು ಸಮಾನ ಮೋಲ್‌ಗಿಂತ ಕಡಿಮೆಯೇ ಕೊಡುತ್ತಾರೆ. ಪರವಾಗಿಲ್ಲ. ಎರಡು ಮೂರು ಡೋಸ್ ನೋಡಿ, ಡೋಸ್ ಏರಿದಂತೆ ಬೆಳಕು ನೇರವಾಗಿ ಏರುವ ಭಾಗದಲ್ಲಿ ಒಂದನ್ನು ಆರಿಸಿ. ಅಮಿನೊಲ್ಯೂಸಿಫೆರಿನ್ ಬಿಡುಗಡೆ ಮಾಡುವ ಅಣು ಬಳಸುತ್ತಿದ್ದರೆ ನಿಮ್ಮ ಸಾದಾ ಕಂಟ್ರೋಲ್ ಕೂಡ ಅಮಿನೊಲ್ಯೂಸಿಫೆರಿನ್ ಆಗಿರುವುದು ಒಳ್ಳೆಯದು. ಅದು ಕೋಶದೊಳಗೆ ಹೋಗುವ ರೀತಿ, ಲ್ಯೂಸಿಫೆರೇಸಿಗೆ ಅಂಟುವ ರೀತಿ, ಬೆಳಕಿನ ಬಣ್ಣ ಎಲ್ಲವೂ ಡಿ-ಲ್ಯೂಸಿಫೆರಿನ್‌ಗಿಂತ ಬೇರೆ.

ಹಂತ 6: ಇಲಿಯನ್ನು ಸಿದ್ಧ ಮಾಡುವುದು

ಚಿತ್ರದ ಜಾಗದ ಕೂದಲನ್ನು ಹಿಂದಿನ ದಿನವೇ ತೆಗೆಯಿರಿ. ಬ್ಲೇಡಿನ ಗಾಯ, ಕ್ರೀಮಿನ ಉರಿ ಎರಡೂ ಬೆಳಕಿಗೆ ತೊಂದರೆ. ಐಸೊಫ್ಲುರೇನ್ 3 ಪರ್ಸೆಂಟ್ ಆಸುಪಾಸಿನಲ್ಲಿ ಮಲಗಿಸಿ, ಆಮೇಲೆ 1.5ರಿಂದ 2ರಲ್ಲಿ ಇರಿಸಿ. ಕಣ್ಣಿಗೆ ಮುಲಾಮು ಹಚ್ಚಿ, ಕಣ್ಣು ಒಣಗುತ್ತದೆ. ವೇದಿಕೆ 37 ಡಿಗ್ರಿ ಬೆಚ್ಚಗಿರಲಿ. ಅರಿವಳಿಕೆಯಲ್ಲಿರುವ ಇಲಿ ಬೇಗ ತಣ್ಣಗಾಗುತ್ತದೆ. ತಣ್ಣಗಾದರೆ ರಕ್ತದ ಓಟ ಬದಲಾಗುತ್ತದೆ, ಕಿಣ್ವ ನಿಧಾನವಾಗುತ್ತದೆ, ಲ್ಯೂಸಿಫೆರೇಸಿನ ಬಣ್ಣವೂ ಹಳದಿಯ ಕಡೆ ಜರುಗಿ ಹೊರಗೆ ಬರುವ ಬೆಳಕು ಕಡಿಮೆಯಾಗುತ್ತದೆ.

ಅರಿವಳಿಕೆ ಔಷಧಿಗಳೇ ಲ್ಯೂಸಿಫೆರೇಸನ್ನು ತಡೆಯುತ್ತವೆ ಅನ್ನುವುದು ಹಳೇ ವಿಷಯ. ಅರಿವಳಿಕೆ ಹೇಗೆ ಕೆಲಸ ಮಾಡುತ್ತದೆ ಅಂತ ಹುಡುಕುತ್ತಿದ್ದ ಫ್ರ್ಯಾಂಕ್ಸ್ ಮತ್ತು ಲೀಬ್ 1984ರಲ್ಲಿ ಪರೀಕ್ಷೆಗೆ ಆರಿಸಿಕೊಂಡ ಪ್ರೋಟೀನೇ ಮಿಂಚುಹುಳದ ಲ್ಯೂಸಿಫೆರೇಸ್! ಹಾಗಂತ ಅರಿವಳಿಕೆ ಬಿಡಲಾಗುವುದಿಲ್ಲ. ಔಷಧಿ ಒಂದೇ, ಪ್ರಮಾಣ ಒಂದೇ, ಸಮಯ ಒಂದೇ ಇರಲಿ, ಅಷ್ಟು ಸಾಕು. ಒಂದು ಗುಂಪಿಗೆ ಐಸೊಫ್ಲುರೇನ್, ಇನ್ನೊಂದಕ್ಕೆ ಕೆಟಮಿನ್ ಮಾತ್ರ ಬೇಡವೇ ಬೇಡ.

ಚುಚ್ಚುವುದು ಹೊಟ್ಟೆಯ ಒಳಪೊರೆಗೆ, ಕೆಳಭಾಗದ ಪಕ್ಕದಲ್ಲಿ. ಸುಲಭ, ಎಲ್ಲರೂ ಇದನ್ನೇ ಮಾಡುತ್ತಾರೆ, ಆದರೆ ಸೂಜಿ ಒಮ್ಮೊಮ್ಮೆ ಕರುಳಿಗೆ ಹೋಗುತ್ತದೆ. ಆಗ ಬೆಳಕು ಬರುವುದೇ ಇಲ್ಲ, ಅಥವಾ ತಡವಾಗಿ ಸ್ವಲ್ಪ ಬರುತ್ತದೆ. ಅದನ್ನು ಔಷಧಿಯ ಪರಿಣಾಮ ಅಂದುಕೊಂಡು ಖುಷಿಪಡುವವರನ್ನು ನೋಡಿದ್ದೇನೆ. ಗ್ಯಾಲಕ್ಟೋಸ್ ಜೋಡಿಸಿದ ಅಣು ಕರುಳಿಗೆ ಹೋದರೆ ಇನ್ನೂ ಗೋಜಲು, ಅಲ್ಲಿನ ಬ್ಯಾಕ್ಟೀರಿಯಾಗಳಲ್ಲೂ ಬೀಟಾ ಗ್ಯಾಲಕ್ಟೊಸಿಡೇಸ್ ಇದೆ. ಚರ್ಮದ ಕೆಳಗೆ ಕೊಡುವುದು ಇದಕ್ಕೆ ಒಳ್ಳೆಯ ಬದಲಿ. ಬಾಲದ ರಕ್ತನಾಳಕ್ಕೆ ಕೊಟ್ಟರೆ ಬೆಳಕು ತಕ್ಷಣ ಏರಿ ಬೇಗ ಇಳಿಯುತ್ತದೆ, ಕೈ ಪಳಗಿದ್ದರೆ ಮಾತ್ರ. ಅದೇ ದಿನ ನಿಮ್ಮ ಔಷಧಿಯನ್ನೂ ಹೊಟ್ಟೆಗೇ ಕೊಡುವುದಾದರೆ ಒಟ್ಟು ದ್ರವ ಎಷ್ಟಾಗುತ್ತದೆ ಅಂತ ಕೂಡಿ ನೋಡಿ.

ಹಂತ 7: ಕ್ಯಾಮೆರಾ

ತಣ್ಣಗೆ ಮಾಡಿದ ಸಿಸಿಡಿ ಕ್ಯಾಮೆರಾ, ಬೆಳಕು ನುಸುಳದ ಪೆಟ್ಟಿಗೆ. ಇಲಿ ಇಲ್ಲದೆ ಒಂದು ಚಿತ್ರ ತೆಗೆದು ಪೆಟ್ಟಿಗೆ ನಿಜಕ್ಕೂ ಕತ್ತಲಾಗಿದೆಯಾ ನೋಡಿ. ಕೆಲವು ಟೇಪು, ಮಾರ್ಕರ್ ಶಾಯಿ, ಪ್ಲಾಸ್ಟಿಕ್‌ಗಳು ಕೊಠಡಿಯ ಬೆಳಕನ್ನು ಹೀರಿಕೊಂಡು ಸ್ವಲ್ಪ ಹೊತ್ತು ತಾವೇ ಮಿನುಗುತ್ತವೆ. ಅವನ್ನು ಹೊರಗಿಡಿ.

ಲೆನ್ಸ್ ಪೂರ್ತಿ ತೆರೆದಿರಲಿ. ಬಿನ್ನಿಂಗ್ (ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸುವುದು) ಮಧ್ಯಮದಲ್ಲಿಟ್ಟು ಶುರು ಮಾಡಿ. ಸಿಗ್ನಲ್ ಕಡಿಮೆ ಇದ್ದರೆ ಮೊದಲು ಎಕ್ಸ್‌ಪೋಶರ್ ಸಮಯ ಹೆಚ್ಚಿಸಿ, 5 ನಿಮಿಷದವರೆಗೂ ಹೋಗಬಹುದು, ಆಮೇಲೆ ಬಿನ್ನಿಂಗ್. 16 ಬಿಟ್ ಕ್ಯಾಮೆರಾ 65,535ಕ್ಕೆ ತುಂಬಿಹೋಗುತ್ತದೆ, ಅದಕ್ಕಿಂತ ಮೇಲಿನ ಬೆಳಕು ಎಷ್ಟಿದ್ದರೂ ಒಂದೇ ಥರ ಕಾಣುತ್ತದೆ. ಕೆಳಗಡೆ ಕೆಲವು ನೂರು ಕೌಂಟುಗಳಾದರೂ ಇರಬೇಕು, ಇಲ್ಲದಿದ್ದರೆ ಅಳೆಯುತ್ತಿರುವುದು ಬರೀ ಗದ್ದಲ. ಪ್ರಖರ ಗಡ್ಡೆ ಇರುವ ಇಲಿಯ ಪಕ್ಕ ಮಸುಕಾದ ಇಲಿ ಮಲಗಿಸಿದರೆ ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ. ನಡುವೆ ಕಪ್ಪು ತಡೆ ಇಡಿ.

ಹಂತ 8: ಒಂದು ಚಿತ್ರ ಸಾಲದು, ಗೆರೆ ಬೇಕು

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಗೆರೆ ಅಂದರೆ ಸಮಯ ಹೋದಂತೆ ಬೆಳಕು ಹೇಗೆ ಏರಿಳಿಯಿತು ಅನ್ನುವ ಗ್ರಾಫ್. ಹೊಟ್ಟೆಗೆ ಸಾದಾ ಲ್ಯೂಸಿಫೆರಿನ್ ಕೊಟ್ಟಾಗ ಬೆಳಕು ಸಾಮಾನ್ಯವಾಗಿ 10ರಿಂದ 20 ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಕೇಜ್ಡ್ ರೂಪದಲ್ಲಿ ಹಾಗಲ್ಲ. ಅಣುವನ್ನು ಮೊದಲು ದೇಹ ಹೀರಿಕೊಳ್ಳಬೇಕು, ಅದು ಕೋಶಕ್ಕೆ ಹೋಗಬೇಕು, ಕಿಣ್ವ ಕತ್ತರಿಸಬೇಕು, ಆಮೇಲೆ ಬೆಳಕು. ತುದಿ ತಡವಾಗಿ ಬರುತ್ತದೆ, ಗೆರೆ ಚಪ್ಪಟೆಯಾಗಿರುತ್ತದೆ, ಇಳಿಯುವುದೂ ನಿಧಾನ. ಚುಚ್ಚಿದ 10ನೇ ನಿಮಿಷಕ್ಕೆ ಒಂದು ಚಿತ್ರ ತೆಗೆದು ಎರಡನ್ನೂ ಹೋಲಿಸಿದರೆ ಅದಕ್ಕೆ ಅರ್ಥವೇ ಇಲ್ಲ.

ಪ್ರತಿ 2 ಅಥವಾ 3 ನಿಮಿಷಕ್ಕೊಂದು ಚಿತ್ರದಂತೆ ಒಂದು ಗಂಟೆ ತೆಗೆಯಿರಿ. ಪೈಲಟ್‌ನಲ್ಲಿ ಎಲ್ಲ ಗುಂಪಿಗೂ ಇದನ್ನು ಮಾಡಿ, ಒಂದು ಗುಂಪಿಗೆ ಮಾಡಿ ಉಳಿದವಕ್ಕೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಗಡ್ಡೆ ದೊಡ್ಡದಾದಂತೆ, ಅದರ ರಕ್ತನಾಳಗಳು ಕೆಟ್ಟಂತೆ, ತುದಿಯ ಸಮಯವೂ ಸರಿಯುತ್ತದೆ.

ಈ ಗೆರೆಯ ಆಕಾರದಲ್ಲೇ ಬೇಕಾದಷ್ಟು ಮಾಹಿತಿ ಇದೆ. ಕೇಜ್ಡ್ ಅಣು ಕೊಟ್ಟಾಗ, ಔಷಧಿ ಕೊಟ್ಟ ಇಲಿ ಕೊಡದ ಇಲಿ ಎರಡರಲ್ಲೂ ಒಂದೇ ಸಮನಾಗಿ ಮೊದಲ ಹತ್ತಿಪ್ಪತ್ತು ನಿಮಿಷದಲ್ಲಿ ಒಂದು ಚೂಪು ತುದಿ ಬಂದರೆ ಅದು ಬಿಡಿ ಲ್ಯೂಸಿಫೆರಿನ್ ಕಲಬೆರಕೆ. ಹಂತ 3ಕ್ಕೆ ವಾಪಸ್ ಹೋಗಿ. ತುದಿಯ ಎತ್ತರ ಒಂದೇ ಇದ್ದು ಬರುವ ಸಮಯ ಮಾತ್ರ ಬದಲಾದರೆ ರಕ್ತದ ಓಟವನ್ನೋ ಹೀರಿಕೊಳ್ಳುವಿಕೆಯನ್ನೋ ಅನುಮಾನಿಸಿ. ಔಷಧಿ ಕೊಟ್ಟ ಗುಂಪಿನಲ್ಲಿ ಗೆರೆ ಶುರುವಿನಿಂದಲೇ ಬೇರೆ ಓಟದಲ್ಲಿ ಏರಿ, ಸಾದಾ ಲ್ಯೂಸಿಫೆರಿನ್ ಗೆರೆಗಳು ಮಾತ್ರ ಒಂದರ ಮೇಲೊಂದು ಕೂತರೆ, ಕಿಣ್ವದ ಬಗ್ಗೆ ಮಾತಾಡಲು ಧೈರ್ಯ ಬರುತ್ತದೆ. ಕೊನೆಯ ಲೆಕ್ಕಕ್ಕೆ ತುದಿಗಿಂತ ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣ ನನಗೆ ಹೆಚ್ಚು ನಂಬಿಕೆಯದು.

ಕ್ಯಾಸ್ಪೇಸ್ ನೋಡುವವರಿಗೆ ಇನ್ನೊಂದು ಕಾಲದ ಲೆಕ್ಕವಿದೆ. ಸಾಯಲು ಹೊರಟ ಕೋಶದಲ್ಲಿ ಕ್ಯಾಸ್ಪೇಸ್ ಏರುತ್ತದೆ, ಬೆಳಕೂ ಏರುತ್ತದೆ. ಕೋಶ ಪೂರ್ತಿ ಸತ್ತ ಮೇಲೆ ಎಟಿಪಿ ಇಲ್ಲ, ಲ್ಯೂಸಿಫೆರೇಸಿಗೆ ಇಂಧನವೇ ಇಲ್ಲ. ಲ್ಯೂಸಿಫೆರೇಸ್ ತಾನೂ ಕೋಶದಲ್ಲಿ ಮೂರು ನಾಲ್ಕು ಗಂಟೆಯಲ್ಲಿ ಅರ್ಧಕ್ಕಿಳಿಯುವ ಪ್ರೋಟೀನು. ಹಾಗಾಗಿ ತುಂಬಾ ಚೆನ್ನಾಗಿ ಕೊಂದ ಔಷಧಿ, ತಡವಾಗಿ ನೋಡಿದರೆ, ಏನೂ ಮಾಡದ ಔಷಧಿಯಂತೆ ಕಾಣುತ್ತದೆ! ಔಷಧಿ ಕೊಟ್ಟ ನಂತರ 6, 24, 48 ಗಂಟೆ ಹೀಗೆ ಹಲವು ಸಲ ನೋಡಿ. ಬೇರೆ ಬೇರೆ ಇಲಿಗಳನ್ನು ಬೇರೆ ಬೇರೆ ಸಮಯಕ್ಕೆ ಹಂಚಿಕೊಂಡರೆ ಒಂದೇ ಇಲಿಗೆ ಪದೇಪದೇ ಅರಿವಳಿಕೆ ಕೊಡುವುದು ತಪ್ಪುತ್ತದೆ.

ಹಂತ 9: ಅಂಕಿಗಳನ್ನು ತೆಗೆಯುವುದು

ಬಣ್ಣಬಣ್ಣದ ಚಿತ್ರ ನೋಡಿ ತೀರ್ಮಾನ ಮಾಡಬೇಡಿ, ಬಣ್ಣದ ಅಳತೆಪಟ್ಟಿ ಬದಲಿಸಿದರೆ ಯಾವ ಇಲಿಯನ್ನಾದರೂ ಹೊಳೆಯುವಂತೆ ತೋರಿಸಬಹುದು. ಎಲ್ಲ ಚಿತ್ರಕ್ಕೂ ಒಂದೇ ಪಟ್ಟಿ ಇರಲಿ. ಕೌಂಟ್ ಬದಲು ಸೆಕೆಂಡಿಗೆ ಎಷ್ಟು ಫೋಟಾನ್ ಅನ್ನುವ ಘಟಕ ಬಳಸಿ, ಆಗ ಎಕ್ಸ್‌ಪೋಶರ್, ಬಿನ್ನಿಂಗ್ ಬದಲಾದರೂ ಹೋಲಿಸಬಹುದು. ಅಳೆಯುವ ವೃತ್ತ ಎಲ್ಲ ಇಲಿಗೂ ಒಂದೇ ಗಾತ್ರ. ಲ್ಯೂಸಿಫೆರೇಸ್ ಇಲ್ಲದ ಇಲಿಯ ಅದೇ ಜಾಗದ ಬೆಳಕನ್ನು ಕಳೆಯಿರಿ.

ಈ ಅಂಕಿಗಳು ಹತ್ತರಷ್ಟು, ನೂರರಷ್ಟು ಹಾರುತ್ತವೆ. ಲಾಗ್ ತೆಗೆದು ಆಮೇಲೆ ಸಂಖ್ಯಾಶಾಸ್ತ್ರ ಮಾಡಿ. ಪ್ರತಿ ಇಲಿಗೂ ಕೇಜ್ಡ್ ಮತ್ತು ಸಾದಾ ಬೆಳಕಿನ ಅನುಪಾತ ತೆಗೆದು ಆ ಅನುಪಾತಗಳನ್ನು ಹೋಲಿಸಿ.

ಆಳದ ವಿಷಯ ಮರೆಯಬೇಡಿ. ಬೆಳಕು ಒಂದು ಸೆಂಟಿಮೀಟರ್ ಮಾಂಸ ದಾಟುವಷ್ಟರಲ್ಲಿ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಪಿತ್ತಜನಕಾಂಗ ಮೂತ್ರಪಿಂಡಕ್ಕಿಂತ ಜಾಸ್ತಿ ಹೊಳೆಯಿತು, ಅಲ್ಲಿ ಕಿಣ್ವ ಜಾಸ್ತಿ ಅನ್ನುವ ಮಾತು ನಿಲ್ಲುವುದಿಲ್ಲ. ಅದೇ ಅಂಗ, ಅದೇ ಇಲಿ, ಅದೇ ಭಂಗಿ, ಬೇರೆ ಸಮಯ: ಈ ಹೋಲಿಕೆ ನಿಲ್ಲುತ್ತದೆ.

ಹಂತ 10: ಅನುಮಾನ ಬಂದಾಗ ಎಲ್ಲಿ ನೋಡಬೇಕು

ಬೆಳಕು ಇಳಿದರೆ ಕೋಶ ಲ್ಯೂಸಿಫೆರಿನ್ನನ್ನು ಹೊರದಬ್ಬುತ್ತಿದೆಯಾ ನೋಡಿ. ಎಬಿಸಿಜಿ2 ಎಂಬ ಪಂಪು ಡಿ-ಲ್ಯೂಸಿಫೆರಿನ್ನನ್ನು ಕೋಶದಿಂದ ಹೊರಹಾಕುತ್ತದೆ. ಔಷಧಿಗೆ ಬಗ್ಗದ ಗಡ್ಡೆಗಳಲ್ಲಿ ಈ ಪಂಪು ಜಾಸ್ತಿ ಇರುವುದುಂಟು. ನಿಮ್ಮ ಔಷಧಿಯೇ ಈ ಪಂಪನ್ನು ನಿಲ್ಲಿಸುವಂಥದ್ದಾದರೆ ಬೆಳಕು ಏರುತ್ತದೆ, ಕಿಣ್ವಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ರೆನಿಲ್ಲಾ ಬಳಸುವವರೂ ತಪ್ಪಿಸಿಕೊಳ್ಳುವಂತಿಲ್ಲ, ಅದು ಬೆಳಕಿಗೆ ಬಳಸುವ ಅಣು ಸಿಲೆಂಟೆರಜಿನ್ ಕೂಡ ಇನ್ನೊಂದು ಪಂಪಿಗೆ, ಎಂಡಿಆರ್1ಗೆ, ಸಿಕ್ಕಿಬೀಳುತ್ತದೆ. ಸಾಲದ್ದಕ್ಕೆ ಅದು ಸೀರಮ್‌ನಲ್ಲಿ ತಾನಾಗಿ ಆಕ್ಸಿಡೈಸ್ ಆಗಿ ಹಿನ್ನೆಲೆ ಬೆಳಕು ಕೊಡುತ್ತದೆ.

ಗಡ್ಡೆ ಸೆಂಟಿಮೀಟರ್ ದಾಟಿದ ಮೇಲೆ ನಡುಭಾಗಕ್ಕೆ ರಕ್ತ ತಲುಪುವುದಿಲ್ಲ, ಮೇಲೆ ಹುಣ್ಣಾಗಿ ಒಣಗಿದ ರಕ್ತ ಕಟ್ಟಿ ಬೆಳಕು ನುಂಗುತ್ತದೆ. ಅಂಥ ಇಲಿಗಳನ್ನು ಬಿಡುವ ನಿಯಮವನ್ನು ಪ್ರಯೋಗ ಶುರುವಾಗುವ ಮೊದಲೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ಬಿಡುವುದು ಸರಿಯಲ್ಲ.

ಒಂದೇ ಕಿಣ್ವ ಸಾಲದು, ಎರಡು ಸಂಗತಿ ಒಟ್ಟಿಗೆ ಆಗುತ್ತಿವೆಯಾ ನೋಡಬೇಕು ಅನ್ನುವವರಿಗೆ ಒಂದು ಜಾಣ ದಾರಿ ಇದೆ. ಡಿ-ಸಿಸ್ಟೀನ್ ಮತ್ತು ಒಂದು ಸಯನೊಬೆಂಜೊಥಯಜೋಲ್ ಸೇರಿದರೆ ಲ್ಯೂಸಿಫೆರಿನ್ ತಾನಾಗಿ ಹುಟ್ಟುತ್ತದೆ. ಒಂದು ತುಂಡನ್ನು ಕ್ಯಾಸ್ಪೇಸ್ 8 ಬಿಡಿಸುವಂತೆ, ಇನ್ನೊಂದನ್ನು ಹೈಡ್ರೋಜನ್ ಪೆರಾಕ್ಸೈಡ್ ಬಿಡಿಸುವಂತೆ ಕಟ್ಟಿ, ಎರಡೂ ಇದ್ದಾಗ ಮಾತ್ರ ಹೊಳೆಯುವ ವಿಧಾನವನ್ನು 2013ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಮೊದಲ ಪ್ರಯೋಗಕ್ಕೇ ಇದನ್ನು ಹಿಡಿಯಬೇಡಿ.

ಹಂತ 11: ಬೆಳಕಿಲ್ಲದೆಯೂ ಅದೇ ಉತ್ತರ ಬರುತ್ತದೆಯಾ

ಕೊನೆಯ ಚಿತ್ರ ತೆಗೆದ ತಕ್ಷಣ ಒಂದಷ್ಟು ಇಲಿಗಳನ್ನು ಅನುಮತಿ ಪಡೆದ ವಿಧಾನದಲ್ಲಿ ನೋವಿಲ್ಲದಂತೆ ಕೊಂದು, ಅಂಗಗಳನ್ನು ಕೆಲವೇ ನಿಮಿಷದಲ್ಲಿ ಹೊರತೆಗೆದು ಒಂದು ತಟ್ಟೆಯಲ್ಲಿಟ್ಟು ಮತ್ತೆ ಚಿತ್ರ ತೆಗೆಯಿರಿ. ಯಾವ ಅಂಗದಿಂದ ಬೆಳಕು ಬರುತ್ತಿತ್ತು ಅನ್ನುವ ಪ್ರಶ್ನೆ ಇಲ್ಲಿ ತೀರುತ್ತದೆ. ತಡ ಮಾಡಿದರೆ ಎಟಿಪಿ, ಆಮ್ಲಜನಕ ಇಳಿದು ಬೆಳಕೂ ಇಳಿಯುತ್ತದೆ, ಆದ್ದರಿಂದ ಈ ಬೆಳಕಿನ ಪ್ರಮಾಣವನ್ನು ಇಲಿಗಳ ನಡುವೆ ಹೋಲಿಸಬೇಡಿ, ಜಾಗ ನೋಡಲು ಮಾತ್ರ ಬಳಸಿ.

ಅದೇ ಅಂಗದ ಅರ್ಧವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಉಳಿದರ್ಧವನ್ನು ಫಾರ್ಮಲಿನ್‌ಗೆ ಹಾಕಿ. ಹೆಪ್ಪುಗಟ್ಟಿಸಿದ್ದನ್ನು ಅರೆದು, ಲ್ಯೂಸಿಫೆರೇಸಿಗೆ ಸಂಬಂಧವೇ ಇಲ್ಲದ ಫ್ಲೋರೊಸೆನ್ಸ್ ಅಥವಾ ಬಣ್ಣ ಬದಲಾಗುವ ವಿಧಾನದಲ್ಲಿ ಕಿಣ್ವದ ಕೆಲಸ ಅಳೆಯಿರಿ. ಕ್ಯಾಸ್ಪೇಸ್ ಆದರೆ ಕತ್ತರಿಸಿದ ಕ್ಯಾಸ್ಪೇಸ್ 3ನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ, ಫಾರ್ಮಲಿನ್ ತುಂಡಿನ ಸ್ಲೈಡಿನಲ್ಲಿ ನೋಡಿ. ಅರೆದ ದ್ರವದಲ್ಲಿ ಉಳಿದ ಲ್ಯೂಸಿಫೆರೇಸ್ ಎಷ್ಟು ಅಂತಲೂ ಎಟಿಪಿ ಮತ್ತು ಲ್ಯೂಸಿಫೆರಿನ್ ಧಾರಾಳವಾಗಿ ಹಾಕಿ ಅಳೆದುಬಿಡಿ. ಗುಂಪುಗಳ ನಡುವೆ ಲ್ಯೂಸಿಫೆರೇಸ್ ಪ್ರಮಾಣ ಒಂದೇ ಇದ್ದು, ಟ್ಯೂಬಿನಲ್ಲಿ ಅಳೆದ ಕಿಣ್ವದ ಕೆಲಸ ಮತ್ತು ಇಲಿಯಲ್ಲಿ ಕಂಡ ಅನುಪಾತ ಎರಡೂ ಒಂದೇ ದಿಕ್ಕಿಗೆ ಹೋದರೆ, ಮುಂದಿನ ಇಲಿಗಳಲ್ಲಿ ಪ್ರತಿ ಸಲವೂ ಅಂಗ ತೆಗೆದು ನೋಡುವ ಅಗತ್ಯ ಬೀಳುವುದಿಲ್ಲ. ಎರಡೂ ಬೇರೆ ದಿಕ್ಕಿಗೆ ಹೋದರೆ ಟ್ಯೂಬಿನ ಅಂಕಿಯನ್ನೇ ನಂಬಿ, ಹಂತ 8ರ ಗೆರೆಗಳನ್ನು ಮತ್ತೊಮ್ಮೆ ಮುಂದಿಟ್ಟುಕೊಂಡು ಬೆಳಕನ್ನು ಹಿಡಿದಿಟ್ಟಿರುವುದು ಏನು ಅಂತ ಹುಡುಕಿ. ಹೆಚ್ಚಿನ ಸಲ ಅದು ರಕ್ತದ ಓಟವೋ ಕಲಬೆರಕೆಯೋ ಆಗಿರುತ್ತದೆ.